ಮಾವನ ‘ಬ್ಯಾಡ’ ಮತ್ತು ನನ್ನ ಗ್ರಾಫಿಕ್ಸ್ ಕಾರ್ಡು

ನಮ್ಮ ನಡುಮನೆಯ ಮೂಲೆಯಲ್ಲಿ ಒಂದು ಗಾಜಿನ ಪೆಟ್ಟಿಗೆ ಬಣ್ಣ ಬದಲಿಸುತ್ತ ಹೊಳೆಯುತ್ತಿರುತ್ತದೆ. ಮೊನ್ನೆ ಗ್ಯಾಸ್ ಸಿಲಿಂಡರ್ ಹೊತ್ತು ತಂದವನು ಅದನ್ನು ಇಳಿಸಿ ಬೆವರು ಒರೆಸಿಕೊಂಡವನೇ ಪೆಟ್ಟಿಗೆಯ ಕಡೆ ತಿರುಗಿ ಕೈಮುಗಿದ. “ಯಾವ್ ದೇವ್ರು ಸಾರ್?” ಎಂದು ಮೆಲ್ಲಗೆ ಕೇಳಿದ. ನಾನು ಬಾಯಿ ತೆರೆಯುವ ಮೊದಲೇ ನನ್ನ ಹೆಂಡತಿ ಶಶಿ ಅಡಿಗೆಮನೆಯಿಂದ ಕೂಗಿದಳು: “ದೇವ್ರಾಗಿದ್ರೆ ವರನಾದ್ರೂ ಕೊಡ್ತಿತ್ತು ಕಣಪ್ಪ, ಇದು ಬರೀ ಕರೆಂಟ್ ಬಿಲ್ ಕೊಡ್ತೈತೆ.”

ಅದು ನನ್ನ ಕಂಪ್ಯೂಟರು. ಹೊಸದುರ್ಗದ ತಾಲ್ಲೂಕು ಕಚೇರಿಯ ಎದುರು ನನ್ನದೊಂದು ಜೆರಾಕ್ಸ್ ಅಂಗಡಿ ಇದೆ. ಹಗಲೆಲ್ಲ ಊರವರ ಅರ್ಜಿ ಟೈಪು ಮಾಡುವುದು, ಸಂಜೆ ಮನೆಗೆ ಬಂದು ಕಂಪ್ಯೂಟರಿನಲ್ಲಿ ಆಟ ಆಡುವುದು, ಇಷ್ಟೇ ನನ್ನ ಬಾಳು. ನಲವತ್ತು ದಾಟಿದೆ, ಮೀಸೆಗೆ ಬಣ್ಣ ಹಚ್ಚುತ್ತೇನೆ, ಆದರೂ ಈ ಚಟ ಬಿಟ್ಟಿಲ್ಲ. ಆಟದೊಳಗೆ ನಾನು ಉರುಳಿಸಿದ ಶತ್ರುಗಳಿಗೆ ಲೆಕ್ಕವಿಲ್ಲ. ಬಚ್ಚಲಲ್ಲಿ ಜಿರಳೆ ಕಂಡರೆ ಮಾತ್ರ ಶಶಿಯನ್ನು ಕರೆಯುತ್ತೇನೆ.

ಆ ಪೆಟ್ಟಿಗೆಯ ಬೆಳಕು ನೋಡಿದಾಗಲೆಲ್ಲ ನನಗೆ ತುಪ್ಪದ ನೆನಪಾಗುತ್ತದೆ. ತುಪ್ಪಕ್ಕೂ ಕಂಪ್ಯೂಟರಿಗೂ ಎತ್ತಣ ಸಂಬಂಧ ಅಂತೀರಾ? ಇದೆ. ಸ್ವಲ್ಪ ಸುತ್ತು ದಾರಿ, ಬನ್ನಿ.

ನಮ್ಮ ಕಡೆ ಊಟಕ್ಕೆ ಕೂತವರು ಎರಡನೇ ಸಲ ಬಡಿಸಲು ಬಂದಾಗ ‘ಬ್ಯಾಡ’ ಎನ್ನಲೇಬೇಕು. ಅದು ಮರ್ಯಾದೆ. ಬಡಿಸುವವರು ಅದನ್ನು ಕೇಳಿಸಿಕೊಳ್ಳಲೇಬಾರದು. ಅದೂ ಮರ್ಯಾದೆಯೇ. “ಅಯ್ಯೋ ಏನ್ ತಿಂದ್ರಿ, ಹಾಕ್ಕಳ್ರಿ” ಎಂದು ಎರಡು ಸಲ, ಮೂರು ಸಲ ಉಪಚಾರ ಹೇಳಬೇಕು. ಆಗಲೂ ಉಣ್ಣುವವನು ಎಲೆಗೆ ಕೈ ಅಡ್ಡ ಹಿಡಿಯುತ್ತಾನೆ. ಕೈಯನ್ನು ನೋಡಿ ತಿಳಿದುಕೊಳ್ಳಬೇಕು. ನನ್ನ ಸೋದರಮಾವ ತಿಪ್ಪೇಸ್ವಾಮಿ ಈ ವಿದ್ಯೆಯಲ್ಲಿ ಗಟ್ಟಿಗ. ಹೋಳಿಗೆಯ ಮೇಲೆ ಅಂಗೈ ಅಡ್ಡ ಹಿಡಿದು “ಬ್ಯಾಡ, ಬ್ಯಾಡ್ವೇ ಬ್ಯಾಡ” ಎಂದು ಅಬ್ಬರಿಸುತ್ತಿದ್ದ. ಬೆರಳುಗಳನ್ನು ಮಾತ್ರ ಅಗಲ ಮಾಡಿರುತ್ತಿದ್ದ. ಅಮ್ಮ ಆ ಸಂದಿಯಲ್ಲೇ ತುಪ್ಪ ಸುರಿಯುತ್ತಿದ್ದಳು. “ಏನಕ್ಕಾ ನೀನು, ಮಾತೇ ಕೇಳಲ್ಲ” ಎಂದು ಬೈಯುತ್ತ ಬೆರಳು ನೆಕ್ಕಿಕೊಳ್ಳುತ್ತಿದ್ದ.

ಅಮ್ಮನ ತವರು ಹೊಳಲ್ಕೆರೆ ತಾಲ್ಲೂಕಿನ ತಾಳ್ಯ. ಹೊಲವೂ ಇತ್ತು, ಕುರಿಗಳೂ ಇದ್ದವು. ಕುರಿ ಹಿಂದೆ ನಡೆಯುವುದೇ ಕಸುಬಾಗಿದ್ದ ಆ ಮನೆಯಲ್ಲಿ ಮೊದಲು ಸ್ಟೇರಿಂಗ್ ಹಿಡಿದವನು ಈ ಮಾವ. ಲಾರಿ ಡ್ರೈವರ್ ಆದ. ತೆಂಗಿನಕಾಯಿ ತುಂಬಿಕೊಂಡು ಹೋಗುವಾಗ ನಮ್ಮ ಮನೆ ಮುಂದೆ ಲಾರಿ ನಿಲ್ಲಿಸಿ ಹಾರನ್ ಹೊಡೆದರೆ ಓಣಿಯ ನಾಯಿಗಳೆಲ್ಲ ಒಟ್ಟಿಗೆ ಬೊಗಳುತ್ತಿದ್ದವು. ನಾನು ಚಡ್ಡಿ ಎಳೆದುಕೊಳ್ಳುತ್ತ ಓಡಿ ಕ್ಯಾಬಿನ್ ಹತ್ತುತ್ತಿದ್ದೆ. ಡೀಸೆಲ್, ಬೀಡಿ, ಊದುಬತ್ತಿ, ಬಿಸಿ ರೆಕ್ಸಿನ್ ಎಲ್ಲ ಬೆರೆತ ವಾಸನೆ. ಇವತ್ತಿಗೂ ಯಾವುದಾದರೂ ಲಾರಿ ಪಕ್ಕದಲ್ಲಿ ಹಾದುಹೋದರೆ ನಾನು ಸ್ಕೂಟರ್ ನಿಧಾನ ಮಾಡಿ ಮೂಗೆಳೆಯುತ್ತೇನೆ. ಹಿಂದಿನವರು ಬೈಯುತ್ತಾರೆ.

ಮಾವ ಗಾಡಿ ಹತ್ತುವ ಮುಂಚೆ ಚಪ್ಪಲಿ ಬಿಚ್ಚಿ ಸೀಟಿನ ಕೆಳಗೆ ತಳ್ಳುತ್ತಿದ್ದ, ಸ್ಟೇರಿಂಗ್ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದ. “ಬರಿಗಾಲಾಗ್ ಯಾಕ್ ಮಾವ ಓಡಿಸ್ತೀಯ?” ಎಂದು ಒಮ್ಮೆ ಕೇಳಿದ್ದೆ.

“ಗಾಡಿ ಏನಂತೈತೆ ಅಂತ ಪಾದಕ್ಕೆ ಗೊತ್ತಾಗ್ಬೇಕು ಕಣಲೇ. ಚಪ್ಲಿ ಹಾಕ್ಕಂಡ್ರೆ ಅದು ಚಪ್ಲಿ ತಾವ ಮಾತಾಡ್ತೈತೆ, ನಮ್ ತಾವ ಅಲ್ಲ.”

ಇನ್ನು ಶಶಿಯ ಕಥೆ. ಅವಳು ಹಿರಿಯೂರಿನವಳು. ಅವಳಪ್ಪ ಅಲ್ಲಿ ಹೋಟೆಲ್ ಇಟ್ಟಿದ್ದರು. ಹೋಟೆಲಿನಲ್ಲಿ ಗಿರಾಕಿ ಬೇಡ ಅಂದರೆ ಬೇಡ. ಮದುವೆಯಾದ ಹೊಸತರಲ್ಲಿ ಮಾವ ಊಟಕ್ಕೆ ಬಂದ. ಶಶಿ ತುಪ್ಪದ ಗಿಂಡಿ ತಂದಳು. ಮಾವ ಕೈ ಅಡ್ಡ ಹಿಡಿದು “ಬ್ಯಾಡ ತಾಯಿ” ಎಂದ. “ಆಯ್ತು ಮಾವ” ಎಂದು ಇವಳು ಗಿಂಡಿ ಸಮೇತ ಒಳಗೆ ಹೋಗಿಬಿಟ್ಟಳು! ಅಡ್ಡ ಹಿಡಿದ ಕೈ ಅಡ್ಡವೇ ಉಳಿಯಿತು. ನಾನು ನಗು ತಡೆಯಲು ನೀರು ಕುಡಿದರೆ ಅದು ಮೂಗಿನಿಂದ ಬಂತು. ಆಮೇಲೆ ಮಾವ ಆ ಕಥೆಯನ್ನು ತಾಳ್ಯದಿಂದ ತುರುವನೂರಿನವರೆಗೆ ಹೇಳಿಕೊಂಡು ತಿರುಗಿದ. “ನಮ್ ಅಳಿಯನ ಹೆಂಡ್ತಿ ಒಂದೇ ಮಾತಿನ್ ಹೆಣ್ಮಗ್ಳು ಕಣ್ರಪ್ಪ, ಬ್ಯಾಡ ಅಂದ್ರೆ ಮುಗೀತು!” ಪಾಪ, ಅವಳು ಎಷ್ಟು ಮದುವೆ ಮನೆಗಳಲ್ಲಿ ಈ ಮಾತಿಗೆ ನಕ್ಕಂತೆ ಮಾಡಿದಳೋ. ನಾನೂ ಸೇರಿಕೊಂಡು ನಗುತ್ತಿದ್ದೆ. ಇದನ್ನು ನೆನಪಿಟ್ಟುಕೊಳ್ಳಿ.

ಕಾಲ ಕಳೆಯಿತು. ಮಾವನಿಗೆ ಸಕ್ಕರೆ ಕಾಯಿಲೆ ಬಂತು. ಒಮ್ಮೆ ಹಗಲಲ್ಲೇ ತಲೆ ತಿರುಗಿ ಲಾರಿಯನ್ನು ಹೊಲಕ್ಕೆ ಇಳಿಸಿದ ಮೇಲೆ ಮಕ್ಕಳಿಬ್ಬರೂ ಸೇರಿ ಕೀಲಿ ಇಸಿದುಕೊಂಡರು. ಒಳ್ಳೆಯ ಮಕ್ಕಳು, ಪ್ರೀತಿಯಿಂದಲೇ ಮಾಡಿದರು. ಮೊಮ್ಮಕ್ಕಳಿದ್ದಾರೆ, ಮನೆ ತುಂಬ ಜನ. ಆದರೆ ಲಾರಿಯಲ್ಲಿ ಅರ್ಧ ಆಯುಷ್ಯ ಕಳೆದವನಿಗೆ ಕಟ್ಟೆಯ ಮೇಲೆ ಕೂರುವುದು ಬರುವುದಿಲ್ಲ. ತಾಳ್ಯದಿಂದ ಬಸ್ಸು ಹತ್ತಿ ಹೊಸದುರ್ಗಕ್ಕೆ, ನಮ್ಮ ಮನೆಗೆ, ಏನಾದರೊಂದು ನೆಪ ಹೇಳಿಕೊಂಡು ಬರತೊಡಗಿದ.

ಒಂದು ಭಾನುವಾರ ನಾನು ಲಾರಿ ಓಡಿಸುವ ಆಟ ಆಡುತ್ತಿದ್ದೆ. ಯಾರೋ ಪುಣ್ಯಾತ್ಮರು ನಮ್ಮ ಕಡೆಯ ಹೆದ್ದಾರಿಗಳನ್ನೂ ಆ ಆಟಕ್ಕೆ ಸೇರಿಸಿದ್ದರು. ಗಾಳಿಯಂತ್ರ ತಿರುಗುವ ಗುಡ್ಡ, ಡಾಬಾ, ಹಿರಿಯೂರಿನ ಕಡೆ ಬಾಣ ತೋರಿಸುವ ಕನ್ನಡ ಬೋರ್ಡು. ಮಾವ ಹಿಂದೆ ಬಂದು ನಿಂತ. ಸ್ವಲ್ಪ ಹೊತ್ತಾದ ಮೇಲೆ “ಎದ್ದೇಳಲೇ” ಎಂದ. ಕುರ್ಚಿಯಲ್ಲಿ ಕೂತು ಕೀಬೋರ್ಡ್ ಮುಟ್ಟಿ ಕಣ್ಣಿಗೊತ್ತಿಕೊಂಡ.

“ಸ್ಟೇರಿಂಗ್ ಎಲ್ಲೈತೆ?”

“ಈ ಗುಂಡಿ ಒತ್ತಿದ್ರೆ ಎಡಕ್ಕೆ ತಿರುಗ್ತೈತೆ ಮಾವ, ಇದು ಬಲಕ್ಕೆ.”

“ಗುಂಡಿ ಒತ್ತಿದ್ರೆ ಬೆಲ್ ಹೊಡೀತೈತೆ ಕಣಲೇ. ಗಾಡಿ ಎಂಗ್ ತಿರುಗ್ತೈತೆ?”

ತಿರುಗಲಿಲ್ಲ. ಲಾರಿ ನೇರ ಡಾಬಾದೊಳಕ್ಕೆ ನುಗ್ಗಿತು. ಮಾವ ಬೈದ ಬೈಗುಳ ಇಲ್ಲಿ ಬರೆಯುವಂಥದ್ದಲ್ಲ. ನನ್ನ ಹಳೆಯ ಕಂಪ್ಯೂಟರೂ ಬಡಕಲು, ರಸ್ತೆ ಪಕ್ಕದ ಮರಗಳು ಒಂದೊಂದಾಗಿ ನೆನಪಾದಂತೆ ಬರುತ್ತಿದ್ದವು. ಆದರೂ ಅವನು ಸಂಜೆಯ ಬಸ್ಸು ತಪ್ಪಿಸಿಕೊಂಡು ಕೂತ. ಹೋಗುವಾಗ “ಇದ್ಕೆ ಒಂದು ಸ್ಟೇರಿಂಗು, ಪೆಡಲ್ಲು ಇದ್ದಿದ್ರೆ...” ಎಂದು ಅರ್ಧಕ್ಕೇ ನಿಲ್ಲಿಸಿದ.

ಸ್ಟೇರಿಂಗು, ಪೆಡಲ್ಲು ಸಿಗುತ್ತವೆ ಎಂದು ನನಗೆ ಗೊತ್ತಿತ್ತು. ಅದೇ ಹೊತ್ತಿಗೆ ಚೀಟಿ ದುಡ್ಡೂ ಕೈಗೆ ಬಂತು. “ಮಾವನಿಗೋಸ್ಕರ ಕಂಪ್ಯೂಟರ್ ಸರಿ ಮಾಡಿಸೋಣ” ಎಂದೆ. ಪ್ರಿಂಟರಿನ ಶಾಯಿಗೂ ಜಗಳ ತೆಗೆಯುವ ಶಶಿ, ಮಾವನ ಹೆಸರು ಕೇಳಿ ತಕ್ಷಣ ಒಪ್ಪಿದಳು.

ಇರುವ ದುಡ್ಡಿನಲ್ಲಿ ಕಂಪ್ಯೂಟರಿನ ಭಾಗ ಆರಿಸುವುದು ಗಿಡ್ಡ ಕಂಬಳಿ ಹೊದ್ದಂತೆ. ತಲೆ ಮುಚ್ಚಿದರೆ ಕಾಲು ಬರಿದು, ಕಾಲು ಮುಚ್ಚಿದರೆ ತಲೆ ಬರಿದು. ಪ್ರೊಸೆಸರ್ ಒಳ್ಳೆಯದು ತೆಗೆದುಕೊಂಡರೆ ಅದಕ್ಕೆ ತಕ್ಕ ಬೋರ್ಡು ಬೇಕು. ಚಿತ್ರ ಬಿಡಿಸುವ ಗ್ರಾಫಿಕ್ಸ್ ಕಾರ್ಡು ದೊಡ್ಡದಾದರೆ ಅದಕ್ಕೆ ಕರೆಂಟು ಉಣಿಸುವ ಪವರ್ ಸಪ್ಲೈಯೂ ದೊಡ್ಡದಾಗಬೇಕು. ನಾನು ಅರ್ಜಿ ಟೈಪು ಮಾಡುತ್ತಲೇ ಮನಸ್ಸಿನಲ್ಲಿ ಕೂಡಿ ಕಳೆಯುತ್ತಿದ್ದೆ. ಒಬ್ಬರ ಖಾತೆ ಬದಲಾವಣೆ ಅರ್ಜಿಯಲ್ಲಿ ಜಮೀನಿನ ವಿಸ್ತೀರ್ಣದ ಜಾಗದಲ್ಲಿ ‘ಹದಿನಾರು ಜಿಬಿ’ ಎಂದು ಹೊಡೆದೆ. ಪುಣ್ಯಕ್ಕೆ ಅವರು ಓದಿ ನೋಡುವವರಾಗಿದ್ದರು.

ಮಾವನನ್ನೂ ಕರೆದುಕೊಂಡು ಚಿತ್ರದುರ್ಗಕ್ಕೆ ಹೋದೆ. ಅಲ್ಲಿ ನಯಾಜ್ ಎನ್ನುವವನ ಅಂಗಡಿ. ಅವನ ತಾತ ನಮ್ಮಜ್ಜಿಯ ಹಿತ್ತಾಳೆ ಪಾತ್ರೆಗಳಿಗೆ ಕಲಾಯಿ ಹಾಕಿದವರು, ಅಪ್ಪ ನಮ್ಮ ರೇಡಿಯೋ ರಿಪೇರಿ ಮಾಡಿದವರು, ಇವನು ಕಂಪ್ಯೂಟರ್. “ಬರ್ರಿ ಬರ್ರಿ, ಕುಂತ್ಕಳ್ರಿ” ಎಂದು ಚಹಾ ತರಿಸಿದ. ಎಲ್ಲ ಕೂಡಿಸಿ ಕಳೆದು ಕೊನೆಗೆ ಎರಡು ದಾರಿ ಇಟ್ಟ.

“ನೋಡ್ರಿ ಸಾರ್, ಇದು ಸಣ್ ಕಾರ್ಡು. ಲಾರಿ ಆಟಕ್ಕೆ ಏಕ್ದಂ ಸಾಕು. ಇದನ್ನ ತಗಂಡ್ರೆ ಅದೇ ಬಜೆಟ್ನಾಗೆ ಸ್ಟೇರಿಂಗೂ ಬರ್ತೈತೆ. ಇಲ್ಲಾ, ಈ ದೊಡ್ ಕಾರ್ಡು, ಗ್ಲಾಸ್ ಕ್ಯಾಬಿನೆಟ್ಟು. ಆಗ ಸ್ಟೇರಿಂಗ್ ಇಲ್ಲ.”

ದೊಡ್ಡ ಕಾರ್ಡಿಗೆ ಮೂರು ಫ್ಯಾನು. ಪಕ್ಕದಲ್ಲಿ ಕ್ಯಾಬಿನೆಟ್ಟು ನೀಲಿಯಿಂದ ನೇರಳೆಗೆ, ನೇರಳೆಯಿಂದ ಕೆಂಪಿಗೆ ಬಣ್ಣ ಬದಲಿಸುತ್ತಿತ್ತು. ನನ್ನ ಗುಂಡು ಹಾರಿಸುವ ಆಟಗಳೆಲ್ಲ ಇದರಲ್ಲಿ ಹೇಗೆ ಕಾಣಬಹುದು ಎಂದು ನೆನೆದು ಬಾಯಲ್ಲಿ ನೀರೂರಿತು. ಹೌದ್ರೀ, ಬಾಯಲ್ಲೇ ನೀರೂರಿತು, ಸುಳ್ಳು ಯಾಕೆ ಹೇಳಲಿ.

ಮಾವ ಅಷ್ಟರಲ್ಲಿ ಸ್ಟೇರಿಂಗಿನ ಡಬ್ಬಿಯ ಹತ್ತಿರ ನಿಂತಿದ್ದ. ಗಿರಾಕಿಗಳು ಮುಟ್ಟಿ ನೋಡಲೆಂದು ಡಬ್ಬಿಯ ಮುಂಭಾಗ ತೆರೆದಿತ್ತು. ಎರಡು ಕೈಯಲ್ಲೂ ಹಿಡಿದು ಸ್ವಲ್ಪ ಎಡಕ್ಕೆ, ಸ್ವಲ್ಪ ಬಲಕ್ಕೆ ತಿರುಗಿಸಿದ.

“ಮಾವ, ಸ್ಟೇರಿಂಗ್ ತಗಳಾಣ್ವಾ?” ಎಂದೆ.

ಮಾವ ಕೈ ತೆಗೆದು ಪಂಚೆಗೆ ಒರೆಸಿಕೊಂಡ. “ಬ್ಯಾಡ ಬಿಡಲೇ. ನಂಗ್ಯಾಕೆ ಈ ವಯಸ್ನಾಗೆ. ನಿಂಗೇನ್ ಬೇಕೋ ಅದ್ನ ತಗಾ.”

ನಾನು ನಯಾಜನ ಕಡೆ ತಿರುಗಿ “ದೊಡ್ಡದೇ ಹಾಕಿ” ಎಂದೆ.

ಬಸ್ಸಿನಲ್ಲಿ ಮಾವ ಆ ಕ್ಯಾಬಿನೆಟ್ಟಿನ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ತಬ್ಬಿ ಕೂತ. ಹೊಳಲ್ಕೆರೆಯಲ್ಲಿ ಇಳಿದು ಊರಿಗೆ ಹೋಗಬೇಕಾದವನು “ಗಾಜೈತೆ, ಒಡ್ಕಂತೀಯ” ಎಂದು ಹೊಸದುರ್ಗದವರೆಗೂ ಬಂದ. ದಾರಿಯುದ್ದಕ್ಕೂ ಡ್ರೈವರ್ ಗೇರು ಹಾಕುವುದನ್ನೇ ನೋಡುತ್ತಿದ್ದ. ಪ್ರತಿ ಹಂಪು ಬಂದಾಗಲೂ ಅವನ ಬಲಗಾಲು ಬಸ್ಸಿನ ನೆಲವನ್ನು ಒತ್ತುತ್ತಿತ್ತು. ಡ್ರೈವರನಿಗಿಂತ ಒಂದು ಚೂರು ಮೊದಲೇ ಒತ್ತುತ್ತಿತ್ತು. ನಾನು ಅದನ್ನು ನೋಡಿದೆ, ನೋಡಿ ನಕ್ಕೆ, ಮತ್ತೆ ಮೊಬೈಲಿನಲ್ಲಿ ನನ್ನ ಕಾರ್ಡಿನ ಗುಣಗಾನ ಓದುವುದರಲ್ಲಿ ಮುಳುಗಿದೆ.

ಮನೆಯಲ್ಲಿ ಶಶಿ ಕುಂಕುಮ, ಊದುಬತ್ತಿ, ನಿಂಬೆಹಣ್ಣು ಇಟ್ಟುಕೊಂಡು ಕಾದಿದ್ದಳು. ಹೊಸ ಗಾಡಿ ಬಂದರೆ ಚಕ್ರದ ಕೆಳಗೆ ನಿಂಬೆಹಣ್ಣಿಟ್ಟು ಹತ್ತಿಸುವುದು ಮಾವ ಕಲಿಸಿದ ಪದ್ಧತಿ. “ನಿಂಬೆಹಣ್ಣು ಯಾವುದರ ಕೆಳಗೆ ಇಡ್ಲಿ ಮಾವ?” ಎಂದು ಕೇಳಿದಳು. ಮಾವ ಪೆಟ್ಟಿಗೆಯ ಸುತ್ತ ಒಂದು ಸಲ ನೋಡಿದ. “ಇದ್ಕೆ ಗಾಲಿ ಇಲ್ಲ ಬಿಡವ್ವ, ಮ್ಯಾಲಿಡು” ಎಂದ. ಮೇಲಿಟ್ಟ ನಿಂಬೆಹಣ್ಣು ಯಂತ್ರದ ಬಿಸಿಗೆ ಮರುದಿನವೇ ಸುಕ್ಕಾಯಿತು.

ಚಿತ್ರವೇನೋ ಬೆರಗು ಹುಟ್ಟಿಸುವಂತಿತ್ತು. ಲಾರಿಯ ಗಾಜಿನ ಮೇಲೆ ಮಳೆಹನಿ ಬಿದ್ದು ಜಾರುವುದು ಕಾಣುತ್ತಿತ್ತು. “ಮಳೆ ಮಳೆ ತರಾನೇ ಐತೆ ಕಣಲೇ” ಎಂದು ಮಾವ ಮೆಚ್ಚಿದ. ಎರಡು ಬೆರಳಲ್ಲಿ ಗುಂಡಿ ಒತ್ತಿ ಒಂದಷ್ಟು ದೂರ ಹೋದ, ಹಳ್ಳಕ್ಕೆ ಬಿದ್ದ, ಕುರ್ಚಿ ನನಗೇ ಬಿಟ್ಟುಕೊಟ್ಟ. ಪಕ್ಕದ ಸ್ಟೂಲಿನ ಮೇಲೆ ಕ್ಲೀನರ್‌ನಂತೆ ಕೂತು “ಬರ್ಲಿ, ಬರ್ಲಿ, ರೈಟ್” ಎನ್ನುತ್ತಿದ್ದ. ನಾನು ಉತ್ಸಾಹದಿಂದ ಓಡಿಸುತ್ತಿದ್ದೆ. ನಲವತ್ತು ದಾಟಿದ ನನಗೆ ಸಿಕ್ಕ ಕ್ಲೀನರ್‌ಗೆ ಮೂವತ್ತು ವರ್ಷದ ಸರ್ವಿಸ್ಸು! ಆಮೇಲೆ ಮಾವ ಬರುವುದು ಕಡಿಮೆಯಾಯಿತು. ಬಂದರೂ ನಡುಮನೆಯಲ್ಲಿ ಕೂರದೆ ಹಿತ್ತಲಲ್ಲಿ ಶಶಿಯ ಕರಿಬೇವಿನ ಗಿಡ ನೋಡುತ್ತ ನಿಲ್ಲುತ್ತಿದ್ದ. ನಾನು ನನ್ನ ಶತ್ರುಸಂಹಾರದಲ್ಲಿ ಇರುತ್ತಿದ್ದೆ.

ಹೀಗೇ ದೀಪಾವಳಿ ಹೋಯಿತು, ಯುಗಾದಿ ಬಂತು. ಮಾವ ಹೋಳಿಗೆ ಊಟಕ್ಕೆ ಬಂದ. ಶಶಿ ಈಗ ಪಳಗಿದವಳು. ಅವನು “ಬ್ಯಾಡ” ಎಂದಷ್ಟೂ ಸಲ “ಹಾಕ್ಕಳ್ರಿ ಮಾವ” ಎಂದು ಬೆರಳ ಸಂದಿಯಲ್ಲಿ ತುಪ್ಪ ಬಿಟ್ಟಳು. ಉಂಡು ಅವನು ನೇರ ಬಸ್‌ಸ್ಟ್ಯಾಂಡಿಗೆ ಹೋದ. ಅವಳು ಎಲೆ ಎತ್ತುತ್ತ ಕೇಳಿದಳು, “ಮಾವ ಯಾಕೆ ಈಗ ಕಂಪ್ಯೂಟರ್ ಮುಂದೆ ಕೂರೋದೇ ಇಲ್ಲ?”

“ಗುಂಡಿ ಒತ್ತಿ ಓಡ್ಸಕ್ಕೆ ಆಗಲ್ಲ ಅಂತಾನೆ.”

“ಮತ್ತೆ ಸ್ಟೇರಿಂಗ್ ತಗಂಬರ್ಲಿಲ್ಲ ಯಾಕೆ?”

“ನಾನ್ ಕೇಳ್ದೆ. ಅವ್ನೇ ಬ್ಯಾಡ ಅಂದ.”

ಶಶಿ ಎಲೆ ಹಿಡಿದು ಹಾಗೇ ನಿಂತಳು. “ಎಷ್ಟ್ ಸಲ ಕೇಳಿದ್ರಿ?”

ನಾನು ನೀರಿನ ಲೋಟ ಎತ್ತಿಕೊಂಡೆ.

“ಒಂದೇ ಸಲಾನಾ?” ಅವಳ ದನಿ ಏರಲಿಲ್ಲ, ಇಳಿಯಿತು. “ಅಲ್ರೀ, ಒಂದ್ಸಲ ಕೇಳಿ ಗಿಂಡಿ ಒಳಗಿಟ್ಟೆ ಅಂತ ನನ್ನ ನೋಡಿ ಇಷ್ಟ್ ವರ್ಷ ಊರೂರೇ ನಕ್ಕಿತಲ್ರೀ. ನಾನು ಹೋಟ್ಲು ಮನೆ ಹುಡುಗಿ, ಗೊತ್ತಿರ್ಲಿಲ್ಲ. ನಿಮಗೆ ಗೊತ್ತಿರ್ಲಿಲ್ವಾ?”

ಗೊತ್ತಿತ್ತು. ತೊಟ್ಟಿಲಲ್ಲಿದ್ದಾಗಿನಿಂದ ಗೊತ್ತಿತ್ತು. ಪಂಚೆಗೆ ಕೈ ಒರೆಸಿಕೊಂಡನಲ್ಲ, ಅದೂ ಕಣ್ಣಿಗೆ ಬಿದ್ದಿತ್ತು. ಆದರೆ ಅವತ್ತು ಅವನ ‘ಬ್ಯಾಡ’ ನನಗೆ ಬೇಕಾಗಿತ್ತು. ಅದಕ್ಕೇ ಹೋಟೆಲಿನವರ ಹಾಗೆ ಒಂದೇ ಮಾತಿಗೆ ಒಪ್ಪಿಕೊಂಡೆ. ಯುಗಾದಿಗೆ ತಿಂದ ಹೋಳಿಗೆ ಜೀರ್ಣವಾಗಲಿಲ್ಲ.

ಮರುದಿನವೇ ನಯಾಜನಿಗೆ ಫೋನು ಮಾಡಿದೆ. ಶಶಿ ತಾನು ದುಡ್ಡು ಕೂಡಿಟ್ಟಿದ್ದ ಡಬ್ಬಿ ತೆರೆದಳು. ಬಸ್ಸಿನಲ್ಲಿ ಪಾರ್ಸಲ್ ಬಂತು. ಮಾವನಿಗೆ ಏನೂ ಹೇಳದೆ, ಬಾ ಎಂದು ಮಾತ್ರ ಹೇಳಿ ಕಳಿಸಿದೆವು.

ಮಾವ ಬಂದ. ಚಪ್ಪಲಿ ಬಿಡದೆ ಒಳಗೆ ಬಂದ. ನಾವಿಬ್ಬರೂ ಅವನ ಕಾಲು ನೋಡಿದ್ದಕ್ಕೆ ಅವನೇ ನಾಚಿಕೊಂಡು, “ಬೇಜಾರ್ ಮಾಡ್ಕಬೇಡ್ರಪ್ಪ, ಡಾಕ್ಟ್ರು ಒಳಗೂ ಹಾಕ್ಕಂಡೇ ಇರು ಅಂದವ್ರೆ. ಮೊಳೆ ಹೊಕ್ಕಿದ್ದೂ ಗೊತ್ತಾಗ್ಲಿಲ್ಲ ನಂಗೆ” ಎಂದ. ಹೆಬ್ಬೆರಳಿಗೆ ಬಟ್ಟೆ ಕಟ್ಟಿತ್ತು. ಆಮೇಲೆ ಮೇಜಿನ ಮೇಲಿದ್ದ ಸ್ಟೇರಿಂಗ್ ಕಂಡ. ಕೆಳಗೆ ಮೂರು ಪೆಡಲು ಕಂಡ. ಸಕ್ಕರೆ ಕಾಯಿಲೆಯ ಮುದುಕ ಹೋಗಿ ನನ್ನ ಬಾಲ್ಯದ ತಿಪ್ಪೇಸ್ವಾಮಿ ಮಾವ ಬಂದು ನಿಂತ. “ಲೇ ಕಳ್ಳ ನನ್ಮಗನೆ” ಎಂದ. ಶಶಿ ಬ್ರೇಕಿನ ಕೆಳಗೆ ನಿಂಬೆಹಣ್ಣು ಇಟ್ಟಳು. ಮಾವ ಚಪ್ಪಲಿ ಬಿಚ್ಚಿ ಕುರ್ಚಿಯ ಕೆಳಗೆ ತಳ್ಳಿದ, ಸ್ಟೇರಿಂಗ್ ಕಣ್ಣಿಗೊತ್ತಿಕೊಂಡ, ಬ್ರೇಕು ತುಳಿದ.

ನಿಂಬೆಹಣ್ಣು ಪಚಕ್ಕೆಂದಿತು. ಮಾವ ಇನ್ನೂ ತುಳಿಯುತ್ತಲೇ ಇದ್ದ.

“ಆಯ್ತು ಮಾವ, ಒಡೀತು.”

“ಒಡೀತಾ?” ಎಂದು ಬಗ್ಗಿ ನೋಡಿದ.

ಲಾರಿ ಹೊರಟಿತು. ಕೈಗಳೇನೋ ಹಳೆಯ ಕೈಗಳೇ, ತಿರುವಿನಲ್ಲಿ ಸ್ಟೇರಿಂಗ್ ಎಣ್ಣೆಯಂತೆ ಜಾರುತ್ತಿತ್ತು. ಆದರೆ ಕಾಲು ಎಲ್ಲಿದೆ ಎಂದು ಅವನಿಗೆ ತಿಳಿಯುತ್ತಿರಲಿಲ್ಲ. ಬ್ರೇಕು ಎಂದುಕೊಂಡು ಆಕ್ಸಿಲೇಟರ್ ತುಳಿಯುತ್ತಿದ್ದ. ಕಾಲು ನೋಡಲು ಬಗ್ಗಿದರೆ ಲಾರಿ ಹಳ್ಳಕ್ಕೆ. ಮತ್ತೆ ಶುರು, ಮತ್ತೆ ಹಳ್ಳ. ಕೊನೆಗೆ ಸ್ಟೇರಿಂಗ್ ಮೇಲೆ ಕೈಯಿಟ್ಟು ನಕ್ಕ. “ಗಾಡಿ ಸರಿಯಾಗೈತೆ ಅಳಿಯ. ಪಾದಕ್ಕೇ ಗೊತ್ತಾಗ್ತಿಲ್ಲ.”

“ಯಾವಾಗ್ನಿಂದ ಮಾವ?”

“ಹೋದ್ ವರ್ಷ ಸರಿಗೇ ಇತ್ತು. ದೀಪಾವಳಿ ಆದ್ಮ್ಯಾಲೆ ಮೆಲ್ಲಕೆ ಮರಗಟ್ತು.”

ನಾನು ಪಂಚೆ ಎತ್ತಿ ಕಟ್ಟಿ ಮೇಜಿನ ಕೆಳಗೆ ತೂರಿದೆ. “ನೀನ್ ಹೇಳು ಮಾವ, ನಾನ್ ಕೈಯಾಗೆ ಒತ್ತೀನಿ” ಎಂದೆ. ಹಾಗೇ ಹೊರಟೆವು. ಮೇಲಿಂದ ಅವನು “ಕ್ಲಚ್... ಬಿಡು, ಮೆಲ್ಲಕೆ... ಬ್ರೇಕ್, ಬ್ರೇಕ್ ಲೇ!” ಎನ್ನುವುದು, ಕೆಳಗೆ ನಾನು ಎರಡು ಕೈಯಲ್ಲಿ ಒತ್ತುವುದು. ಯಾವಾಗಲೂ ಒಂದು ಚೂರು ತಡವಾಗಿ ಒತ್ತುತ್ತಿದ್ದೆ. ಅಷ್ಟು ಆಸೆಪಟ್ಟು ತಂದ ಚಿತ್ರ ಅಲ್ಲಿಂದ ನನಗೆ ಒಂದಿಷ್ಟೂ ಕಾಣುತ್ತಿರಲಿಲ್ಲ. ಕಾಣುತ್ತಿದ್ದದ್ದು ನನ್ನ ಮುಖದ ಪಕ್ಕದಲ್ಲಿದ್ದ ಮಾವನ ಎರಡು ಪಾದ, ಒಡೆದ ಹಿಮ್ಮಡಿ, ಬಟ್ಟೆ ಕಟ್ಟಿದ ಹೆಬ್ಬೆರಳು. ಮೇಲೆ ಅವನು ಬ್ರೇಕ್ ಎಂದಾಗಲೆಲ್ಲ ಬಲಪಾದ ಬರೀ ನೆಲವನ್ನು ಒತ್ತುತ್ತಿತ್ತು. ನಾನು ಕೆಳಗೇ ಕಣ್ಣೊರೆಸಿಕೊಂಡೆ.

ಹೇಗೋ ಹಿರಿಯೂರು ತಲುಪಿದೆವು. ಶಶಿ ಚಪ್ಪಾಳೆ ಹೊಡೆದಳು. ನಾನು ಸೊಂಟ ಹಿಡಿದುಕೊಂಡು ಹೊರಗೆ ಬಂದೆ.

“ಇನ್ನೊಂದ್ ಟ್ರಿಪ್ ಹೋಗಾಣ ಮಾವ?”

“ಬ್ಯಾಡ.”

“ಹೋಗಾಣ ಬಾ ಮಾವ, ಈ ಸಲ ಸರಿಯಾಗಿ ಒತ್ತೀನಿ.”

“ಬ್ಯಾಡಪ್ಪ.”

“ಒಂದೇ ಒಂದ್ಸಲ ಮಾವ” ಎಂದಳು ಶಶಿ. ನಾನೂ ಮತ್ತೆ ಕೇಳಿದೆ. ಎಷ್ಟು ಸಲ ಕೇಳಿದೆನೋ.

ಮಾವ ಸ್ಟೇರಿಂಗಿನ ಮೇಲೆ ಅಂಗೈ ಅಡ್ಡ ಹಿಡಿದ. ನಾನು ಅವನ ಬೆರಳುಗಳನ್ನು ನೋಡಿದೆ. ಎಲ್ಲವೂ ಒಂದಕ್ಕೊಂದು ಅಂಟಿಕೊಂಡಿದ್ದವು.